ಆಕಾಶದ ಸುದ್ದಿಗೆ ಯಾರನ್ನು ನಂಬಬೇಕು? ಶಿಡ್ಲಘಟ್ಟದ ಮಾಳಿಗೆಯಿಂದ ಒಂದು ವಿಮರ್ಶೆ

ಹೊಸ ಧೂಮಕೇತು ಕಂಡಿತು, ಎಲ್ಲೋ ಒಂದು ಗ್ಯಾಲಕ್ಸಿಯಲ್ಲಿ ನಕ್ಷತ್ರ ಸಿಡಿಯಿತು, ಶನಿಗೆ ಇನ್ನಷ್ಟು ಚಂದ್ರರು ಸಿಕ್ಕರು. ಇಂಥ ಸುದ್ದಿ ಮೊದಲು ಹೊರಬೀಳುವುದು ಪೇಪರ್‌ನಲ್ಲಲ್ಲ, ಟಿವಿಯಲ್ಲಂತೂ ಅಲ್ಲವೇ ಅಲ್ಲ. ಅದಕ್ಕೆಂದೇ ಬೇರೆ ಸೇವೆಗಳಿವೆ. ಹೆಚ್ಚಿನವು ಪುಕ್ಕಟೆ. ಫೋನಿನಲ್ಲೇ ಓದಬಹುದು. ಹೊಸದಾಗಿ ಟೆಲಿಸ್ಕೋಪ್ ತಗೊಂಡವರು ‘ಯಾವುದನ್ನು ನೋಡಲಿ, ಯಾವುದಕ್ಕೆ ಸೇರಿಕೊಳ್ಳಲಿ’ ಅಂತ ಕೇಳುತ್ತಲೇ ಇರುತ್ತಾರೆ. ಇವನ್ನೆಲ್ಲ ಬಹಳ ಕಾಲದಿಂದ ಬಳಸುತ್ತಿರುವವನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ.

ನಾನು ವಿಜ್ಞಾನಿ ಅಲ್ಲ. ಶಿಡ್ಲಘಟ್ಟದಲ್ಲಿ ಸಣ್ಣದೊಂದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ನಡೆಸುತ್ತೇನೆ. ಬೆಳಗಿನ ಜಾವಕ್ಕೇ ಬಾಯ್ಲರ್ ಹೊತ್ತಿಸಬೇಕು, ಆಮೇಲೆ ಗೂಡಿನ ಮಾರ್ಕೆಟ್‌ಗೆ ಓಡಬೇಕು. ರಾತ್ರಿ ಆಕಾಶಕ್ಕೆ ಅಂತ ಸಿಗುವ ಹೊತ್ತು ಕಮ್ಮಿ. ಮಾಳಿಗೆ ಮೇಲೆ 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಇದೆ. ಊರ ದೀಪ ಕಾಟ ಕೊಟ್ಟರೆ ಅದನ್ನು ಓಮ್ನಿಯಲ್ಲಿ ಹಾಕಿಕೊಂಡು ತಲಕಾಯಲಬೆಟ್ಟದ ಕಡೆ ಹೋಗುತ್ತೇನೆ. ಹಾಗಾಗಿ ಸುದ್ದಿ ಕೊಡುವವರಿಂದ ನಾನು ಕೇಳುವುದು ಮೂರೇ ಮಾತು. ಎಲ್ಲಿದೆ? ಎಷ್ಟು ಬೆಳಗಿದೆ? ಕಂಡುಹಿಡಿದವರನ್ನು ಬಿಟ್ಟು ಇನ್ನೊಬ್ಬರು ಯಾರಾದರೂ ನೋಡಿದ್ದಾರಾ?

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಮಾರ್ಕೆಟ್‌ನಲ್ಲಿ ಲಾಟಿನೊಳಗೆ ಕೈ ಹಾಕಿ ಗೂಡು ಅಲುಗಿಸಿ ನೋಡದೆ ಯಾರಾದರೂ ರೇಟು ಹೇಳುತ್ತಾರಾ? ಇದೂ ಹಾಗೇ. ಬೇಗ ಸುದ್ದಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಪರೀಕ್ಷೆ ಆದ ಸುದ್ದಿ ಕೊಡುವವರು ಕಮ್ಮಿ.

ಹಿರಿಯರಿಂದಲೇ ಶುರು ಮಾಡೋಣ. ಸೆಂಟ್ರಲ್ ಬ್ಯೂರೋ ಫಾರ್ ಆಸ್ಟ್ರಾನಾಮಿಕಲ್ ಟೆಲಿಗ್ರಾಮ್ಸ್, ಅಂದರೆ ಖಗೋಳದ ತಂತಿ ಕಚೇರಿ. 1880ರ ದಶಕದಲ್ಲಿ ಜರ್ಮನಿಯ ಕೀಲ್ ಊರಿನಲ್ಲಿ ಶುರುವಾಯಿತು. ಮೊದಲ ಮಹಾಯುದ್ಧದ ಕಾಲಕ್ಕೆ ಕೋಪನ್‌ಹೇಗನ್‌ಗೆ ಹೋಯಿತು. 1965ರಲ್ಲಿ ಅಮೆರಿಕದ ಕೇಂಬ್ರಿಡ್ಜ್ ಸೇರಿತು. ಅದಕ್ಕೂ ಮುಂಚಿನ ಕಾಲ ಇನ್ನೂ ಮಜವಾಗಿತ್ತು. 1610ರಲ್ಲಿ ಗೆಲಿಲಿಯೋ ಶನಿಯ ಆಕಾರದಲ್ಲಿ ಏನೋ ವಿಚಿತ್ರ ಕಂಡಾಗ ಅದನ್ನು ಅಕ್ಷರ ಕಲಸಿದ ಒಗಟು ಮಾಡಿ ಕಳಿಸಿದ. 1655ರಲ್ಲಿ ಹೈಗನ್ಸ್ ಶನಿಯ ಚಂದ್ರ ಟೈಟನ್ ಕಂಡಾಗಲೂ ಅದೇ ಉಪಾಯ. ಬೇರೆಯವರಿಗೆ ಗೊತ್ತಾಗಬಾರದು, ಆದರೆ ಮೊದಲು ನೋಡಿದ್ದು ನಾನೇ ಅಂತ ಸಾಕ್ಷಿ ಇರಬೇಕು. ಎಂಥಾ ಜಾಣತನ ಅಲ್ವಾ!

ತಂತಿ ಬಂದ ಮೇಲೆ ಆಟ ಬದಲಾಯಿತು. ಧೂಮಕೇತು ದಿನಾ ಜಾಗ ಬದಲಿಸುತ್ತದೆ. ಒಂದು ಊರಲ್ಲಿ ಕಂಡಿದ್ದನ್ನು ಇನ್ನೊಂದು ಊರಿಗೆ ಅದೇ ದಿನ ತಿಳಿಸದಿದ್ದರೆ ಕಳೆದೇ ಹೋಗುತ್ತದೆ. ತಂತಿಗೆ ಪದಕ್ಕಿಷ್ಟು ಅಂತ ಕಾಸು. ಅದಕ್ಕೆ ಜಾಗ, ಸಮಯ, ಬೆಳಕು ಎಲ್ಲವನ್ನೂ ಐದೈದು ಅಂಕಿಗಳ ಗುಂಪು ಮಾಡಿ ಕಳಿಸುತ್ತಿದ್ದರು. ದಾರಿಯಲ್ಲಿ ಅಂಕಿ ತಪ್ಪಿದರೆ ಗೊತ್ತಾಗಲಿ ಅಂತ ಕೂಡಿದ ಮೊತ್ತವನ್ನೂ ಸೇರಿಸುತ್ತಿದ್ದರು. ನಮ್ಮ ದೇಶದ ತಂತಿ ಸೇವೆ 2013ರ ಜುಲೈನಲ್ಲಿ ಮುಚ್ಚಿತು. ಇವರು ಮಾತ್ರ 2002ರ ಕೊನೆಯಿಂದ ಇಮೇಲ್‌ನಲ್ಲಿ ಕಳಿಸುವುದಕ್ಕೂ ‘ಎಲೆಕ್ಟ್ರಾನಿಕ್ ಟೆಲಿಗ್ರಾಂ’ ಅಂತಲೇ ಹೆಸರಿಟ್ಟಿದ್ದಾರೆ.

ಇವರ ಹಳೆಯ ಸರ್ಕ್ಯುಲರ್‌ಗಳನ್ನು ಓದಿದರೆ ಬೆಲೆ ಗೊತ್ತಾಗುತ್ತದೆ. 4316ನೇ ನಂಬರಿನದು 1987ರ ಫೆಬ್ರವರಿ 24ರದ್ದು. ದೊಡ್ಡ ಮೆಗಲನಿಕ್ ಮೋಡ ಅನ್ನುವ ನೆರೆಯ ಗ್ಯಾಲಕ್ಸಿಯಲ್ಲಿ ಬರಿಗಣ್ಣಿಗೆ ಕಾಣುವ ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ ಅಂತ ಸುದ್ದಿ. ಚಿಲಿಯಿಂದ ಇಯಾನ್ ಶೆಲ್ಟನ್ ಮತ್ತು ಆಸ್ಕರ್ ಡುಹಾಲ್ಡೆ, ನ್ಯೂಜಿಲೆಂಡ್‌ನಿಂದ ಹವ್ಯಾಸಿ ಆಲ್ಬರ್ಟ್ ಜೋನ್ಸ್. ಸಮುದ್ರದ ಆಚೆ ಈಚೆ ಇದ್ದವರು ಒಂದನ್ನೇ ನೋಡಿದ್ದಾರೆ. ಇನ್ನು ಅನುಮಾನ ಯಾಕೆ? ಚಿಕ್ಕ ಚೀಟಿಯಷ್ಟು ಬರಹ, ಅದರಲ್ಲಿ ಬೇಕಾದ್ದೆಲ್ಲ ಇದೆ.

ನಮ್ಮವರ ನಂಟೂ ಈ ಕಡೆಗಿದೆ. 1949ರ ಜುಲೈನಲ್ಲಿ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ವೇಣು ಬಾಪು ಫೋಟೊ ಪ್ಲೇಟಿನಲ್ಲಿ ಒಂದು ಧೂಮಕೇತು ಹಿಡಿದರು. ಬಾಪು-ಬೋಕ್-ನ್ಯೂಕರ್ಕ್ ಅಂತ ಹೆಸರು. ಆಗ ಅಮೆರಿಕದ ಕಡೆಯ ತಂತಿ ಕೆಲಸ ನೋಡಿಕೊಳ್ಳುತ್ತಿದ್ದದ್ದೂ ಹಾರ್ವರ್ಡೇ. ಸುದ್ದಿ ಕೊಡಲು ಅವರು ಊರು ದಾಟಬೇಕಾಗಿಯೇ ಇರಲಿಲ್ಲ.

ಇಷ್ಟೆಲ್ಲ ಹೊಗಳಿದರೂ ಹೊಸಬರಿಗೆ ಇದನ್ನು ನಾನು ಹೇಳುವುದಿಲ್ಲ. ಹೊಸ ಟೆಲಿಗ್ರಾಂ ಓದಬೇಕಾದರೆ ಚಂದಾ ಕಟ್ಟಬೇಕು, ಅದೂ ಡಾಲರ್‌ನಲ್ಲಿ. ಮೊದಲಿನಂತೆ ಎಲ್ಲ ಸುದ್ದಿಯೂ ಇವರ ಮೂಲಕವೇ ಬರುವುದೂ ನಿಂತಿದೆ. ಬರವಣಿಗೆಗೆ 5ಕ್ಕೆ 5. ನಮ್ಮ ಜೇಬಿಗೆ 2.

ಈಗ ನಾನು ನಿಜವಾಗಿ ಬಳಸುವುದು. ಮೈನರ್ ಪ್ಲಾನೆಟ್ ಸೆಂಟರ್. ಇದೂ ಕೇಂಬ್ರಿಡ್ಜ್‌ನಲ್ಲೇ ಇದೆ. ಧೂಮಕೇತು, ಕ್ಷುದ್ರಗ್ರಹ, ಗ್ರಹಗಳ ಹೊಸ ಚಂದ್ರರು ಎಲ್ಲದರ ಲೆಕ್ಕವೂ ಇಲ್ಲಿಗೇ ಬರಬೇಕು. ದಿನಾ ಬಿಡುಗಡೆ ಮಾಡುವ ಸರ್ಕ್ಯುಲರ್‌ಗಳು ಪೂರ್ತಿ ಪುಕ್ಕಟೆ. ಮೊದಲ ಸಲ ತೆರೆದವರು ಹೆದರಿ ಮುಚ್ಚುವುದು ಗ್ಯಾರಂಟಿ. ಬರೀ ಅಂಕಿ. ಅಂಗಡಿಯ ಹಳೇ ಕಂಪ್ಯೂಟರ್ ಬಿಲ್ಲಿನಂತೆ ಸಾಲು ಸಾಲು. ಆದರೆ ಒಮ್ಮೆ ಓದಲು ಬಂದರೆ ಇದಕ್ಕಿಂತ ಪ್ರಾಮಾಣಿಕ ಸುದ್ದಿ ಇನ್ನೊಂದಿಲ್ಲ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಪ್ರತಿ ಸಾಲಿಗೂ 80 ಕಾಲಂ. ತೂತು ಕೊರೆದ ಕಾರ್ಡಿನಲ್ಲಿ ಕಂಪ್ಯೂಟರ್‌ಗೆ ಲೆಕ್ಕ ಕೊಡುತ್ತಿದ್ದ ಕಾಲದ ಅಳತೆ ಅದು, ಹಾಗೇ ಉಳಿದಿದೆ. ಎಡಗಡೆ ಆಕಾಶಕಾಯದ ಗುರುತು. ಆಮೇಲೆ ವರ್ಷ, ತಿಂಗಳು, ದಿನ. ದಿನವನ್ನು ದಶಮಾಂಶದಲ್ಲಿ ಬರೆಯುತ್ತಾರೆ. 12.75 ಅಂತ ಇದ್ದರೆ 12ನೇ ತಾರೀಕು ಗ್ರೀನಿಚ್ ಕಡೆಯ ಸಂಜೆ 6 ಗಂಟೆ. ನಮಗೆ ಐದೂವರೆ ಗಂಟೆ ಸೇರಿಸಿದರೆ ಅದೇ ರಾತ್ರಿ ಹನ್ನೊಂದೂವರೆ. ಮುಂದೆ ಆಕಾಶದ ವಿಳಾಸ, ಎರಡು ಅಂಕಿಗಳಲ್ಲಿ. ಅದನ್ನು ಸ್ಟೆಲೇರಿಯಂ ಆಪ್‌ಗೆ ಕೊಟ್ಟರೆ ಜಾಗ ತೋರಿಸುತ್ತದೆ. ಆಮೇಲೆ ಕಾಂತಿಮಾನ. ಈ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಒಳ್ಳೆ ಕತ್ತಲಲ್ಲಿ ಬರಿಗಣ್ಣಿಗೆ 6ರ ತನಕ ಕಾಣುತ್ತದೆ, ನನ್ನ 8 ಇಂಚಿಗೆ 13ರ ಆಸುಪಾಸು. ಸಾಲಿನ ಕೊನೆಯಲ್ಲಿ ಮೂರು ಅಕ್ಷರದ ಗುರುತು. ಅದು ನೋಡಿದ ವೀಕ್ಷಣಾಲಯದ ನಂಬರ್. ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರು ವೀಕ್ಷಣಾಲಯಕ್ಕೆ 220. ನನ್ನ ಕಣ್ಣು ಮೊದಲು ಹೋಗುವುದು ಈ ಕೊನೆಯ ಕಾಲಂಗೆ. ಬೇರೆ ಬೇರೆ ನಂಬರ್ ಸಾಲಾಗಿ ಕಂಡರೆ, ಬೇರೆ ಬೇರೆ ಜನ ನೋಡಿದ್ದಾರೆ ಅಂತ. ಒಂದೇ ನಂಬರ್ ಕೆಳಗಿಂದ ಮೇಲಿನ ತನಕ ಇದ್ದರೆ ನಾನು ಟೆಲಿಸ್ಕೋಪ್‌ನ ಹೊದಿಕೆ ತೆಗೆಯುವುದಿಲ್ಲ.

2025ರ ಜುಲೈ 2ರ ಸರ್ಕ್ಯುಲರ್ ತೆರೆದು ನೋಡಿ. ಹಿಂದಿನ ದಿನ ಅಟ್ಲಾಸ್ ಎಂಬ ಟೆಲಿಸ್ಕೋಪ್ ಜಾಲದ ಚಿಲಿಯ ಟೆಲಿಸ್ಕೋಪ್ ಹಿಡಿದ ಕಾಯ. ಅಂಕಿಗಳ ಕೆಳಗೆ ಕಕ್ಷೆಯ ವಿವರ ಇದೆ. ಅಲ್ಲಿ ‘ಇ’ ಅಂತ ಒಂದು ಅಂಕಿ. ಅದು 1ಕ್ಕಿಂತ ಕಮ್ಮಿ ಇದ್ದರೆ ಧೂಮಕೇತು ಸೂರ್ಯನ ಮನೆಯದು, ಎಂದಾದರೂ ತಿರುಗಿ ಬರುತ್ತದೆ. ಇದರದ್ದು 6ಕ್ಕಿಂತ ಜಾಸ್ತಿ! ಹೊರಗಿನಿಂದ ಬಂದು ಹೊರಗೇ ಹೋಗುವ ಅತಿಥಿ. ಅದೇ 3ಐ ಅಟ್ಲಾಸ್, ಹೀಗೆ ಹೊರಗಿನಿಂದ ಬಂದವರಲ್ಲಿ ಮೂರನೆಯದು ಅಂತ ಅರ್ಥ. 2019ರಲ್ಲಿ ಕ್ರೈಮಿಯಾದ ಹವ್ಯಾಸಿ ಗೆನ್ನಡಿ ಬೊರಿಸೋವ್ ತಾನೇ ಕಟ್ಟಿದ ಟೆಲಿಸ್ಕೋಪ್‌ನಲ್ಲಿ ಹಿಡಿದ 2ಐಗೆ ಈ ಅಂಕಿ 3ರ ಮೇಲಿತ್ತು. ವಿಷಯವೆಲ್ಲ ಆ ಒಂದು ಅಂಕಿಯಲ್ಲಿದೆ. ವಿಶೇಷಣ ಇಲ್ಲ, ಉದ್ಗಾರ ಇಲ್ಲ.

ಅದೇ ವಿಷಯ ನಮ್ಮ ಕಡೆಯ ಒಂದು ಚಾನೆಲ್‌ನಲ್ಲಿ ಬಂದಾಗ ಅನ್ಯಗ್ರಹದ ನೌಕೆ ಆಗಿಬಿಟ್ಟಿತ್ತು. ಹಿನ್ನೆಲೆಗೆ ಡಮರು ಸದ್ದು ಬೇರೆ. ಗೂಡಿನ ಮಾರ್ಕೆಟ್‌ನಲ್ಲಿ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ, ‘ಅಣ್ಣಾ, ಭೂಮಿಗೆ ಬಡಿಯುತ್ತಾ?’ ಅದು ಭೂಮಿಗೆ ಅತಿ ಹತ್ತಿರ ಬಂದದ್ದು 2025ರ ಡಿಸೆಂಬರ್ 19ರಂದು, ಆಗಲೂ ಸುಮಾರು 27 ಕೋಟಿ ಕಿಲೋಮೀಟರ್ ದೂರ. ಬಡಿಯುವುದು ಹಾಗಿರಲಿ, ನನ್ನ ಮಾಳಿಗೆಯಿಂದ ಸರಿಯಾಗಿ ಕಾಣಲೂ ಇಲ್ಲ.

ಈ ಸೆಂಟರ್‌ನ ಇನ್ನೊಂದು ಗುಣ ಹೇಳಲೇಬೇಕು. ಹೊಸದಾಗಿ ವರದಿಯಾದದ್ದನ್ನು ಮೊದಲು ಖಚಿತಪಡಿಸುವ ಪಟ್ಟಿಗೆ ಹಾಕುತ್ತಾರೆ. ಯಾರೂ ಮತ್ತೆ ನೋಡದಿದ್ದರೆ ತೆಗೆದುಹಾಕುತ್ತಾರೆ. 2024ರ ಅಕ್ಟೋಬರ್‌ನಲ್ಲಿ ನಾವೆಲ್ಲ ನೋಡಿದೆವಲ್ಲ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು, ಅದಕ್ಕೂ ಹೀಗೇ ಆಗಿತ್ತು. 2023ರ ಜನವರಿಯಲ್ಲಿ ಚೀನಾದ ನೇರಳೆ ಪರ್ವತದ (ಅದೇ ತ್ಸುಚಿನ್‌ಶಾನ್) ವೀಕ್ಷಣಾಲಯ ಕಂಡಿತು. ಬೇರೆಯವರು ಯಾರೂ ಹಿಂಬಾಲಿಸಲಿಲ್ಲ. ಪಟ್ಟಿಯಿಂದ ಹೋಯಿತು. ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದ ಅಟ್ಲಾಸ್ ಮತ್ತೆ ಕಂಡಿತು. ಎರಡೂ ಒಂದೇ ಅಂತ ಗೊತ್ತಾಗಿ ಇಬ್ಬರ ಹೆಸರನ್ನೂ ಇಟ್ಟರು. ಆ ಅಕ್ಟೋಬರ್‌ನಲ್ಲಿ ಬೆಳಗಿನ ಜಾವ ಬಾಯ್ಲರ್ ಹೊತ್ತಿಸಲು ಬಂದ ಹುಡುಗನನ್ನೂ ಮಾಳಿಗೆಗೆ ಕರೆದು ತೋರಿಸಿದೆ. ಪೂರ್ವದಲ್ಲಿ, ಬೆಳ್ಳಗಾಗುವ ಮುಂಚೆ, ಬಾಲ ಮೇಲಕ್ಕೆ. ‘ಪೊರಕೆ ಥರ ಇದೆ’ ಅಂದು ಕೆಲಸಕ್ಕೆ ಇಳಿದುಹೋದ.

ತಪ್ಪುಗಳೂ ಆಗುತ್ತವೆ. 2025ರ ಜನವರಿಯಲ್ಲಿ 2018 ಸಿಎನ್41 ಅಂತ ಒಂದು ಕ್ಷುದ್ರಗ್ರಹ ಪ್ರಕಟವಾಯಿತು. ಮರುದಿನವೇ ಹಿಂದಕ್ಕೆ ತಗೊಂಡರು. ಅದು 2018ರಲ್ಲಿ ಇಲಾನ್ ಮಸ್ಕ್ ರಾಕೆಟ್‌ನಲ್ಲಿ ಕಳಿಸಿದ ಟೆಸ್ಲಾ ಕಾರು! ತಪ್ಪನ್ನು ಸದ್ದಿಲ್ಲದೆ ಅಳಿಸಲಿಲ್ಲ, ಇದು ಕಾರು ಅಂತ ಸರ್ಕ್ಯುಲರ್ ಹೊರಡಿಸಿ ಹೇಳಿದರು. ನನಗೆ ಇವರ ಮೇಲೆ ನಂಬಿಕೆ ಹೆಚ್ಚಿದ್ದೇ ಆಗ. 5ಕ್ಕೆ 4. ಆ ಒಂದು ಅಂಕ ಕಳೆದದ್ದು ಓದಲು ಬೇಕಾದ ತಾಳ್ಮೆಗೆ.

ಆದರೆ ಒಂದು ವಿಷಯ. ಧೂಮಕೇತು ಪತ್ತೆಯಾದ ದಿನದ ಸುದ್ದಿಯಿಂದ ನೋಡುವವರಿಗೆ ಲಾಭ ಕಮ್ಮಿ. ಅವು ಹೇಳಿದ ಮಾತು ಕೇಳುವ ಜಾತಿ ಅಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಐಸಾನ್ ಸಿಕ್ಕಾಗ ಶತಮಾನದ ಧೂಮಕೇತು ಅಂತ ಕುಣಿದಾಡಿದರು. 2013ರ ನವೆಂಬರ್ 28ರಂದು ಸೂರ್ಯನ ಹತ್ತಿರ ಹೋಗಿ ಪುಡಿಯಾಯಿತು. ಲೆಮ್ಮನ್ ಧೂಮಕೇತು ಇದಕ್ಕೆ ತಿರುವು ಮುರುವು. ಹೆಸರು ಸಿ/2025 ಎ6. ಜನವರಿ ಮೊದಲ ಹದಿನೈದು ದಿನಕ್ಕೆ ‘ಎ’, ಅದರಲ್ಲಿ ಆರನೆಯದು ಅಂತ ಅರ್ಥ. ಮೊದಲು ಸಣ್ಣ ಟೆಲಿಸ್ಕೋಪ್‌ಗೆ ಸಿಕ್ಕರೆ ಪುಣ್ಯ ಅನ್ನುವಂತಿತ್ತು. ಅಕ್ಟೋಬರ್ ಹೊತ್ತಿಗೆ 4ರ ಆಸುಪಾಸಿಗೆ ಬಂತು. ಭೂಮಿಗೆ ಹತ್ತಿರ ಬಂದದ್ದು 21ರಂದು, ದೀಪಾವಳಿ ಅಮಾವಾಸ್ಯೆಗೇ ಸರಿಯಾಗಿ.

ಈ ಏರಿಳಿತ ತಿಳಿಯಲು ಬೇರೆ ಇಬ್ಬರನ್ನು ನೋಡಬೇಕು. ಒಂದು, ಜಪಾನಿನ ಸೆಯಿಚಿ ಯೋಶಿದಾ ವಾರವಾರ ಹೊರತರುವ ಬೆಳಗುವ ಧೂಮಕೇತುಗಳ ಪಟ್ಟಿ. ಇನ್ನೊಂದು, ಸ್ಲೊವೇನಿಯಾದವರು ನಡೆಸುವ ಕಾಬ್ಸ್ ಎಂಬ ದತ್ತಾಂಶ ಕೋಶ. ಜಗತ್ತಿನ ಹವ್ಯಾಸಿಗಳು ‘ಇವತ್ತು ನನಗೆ ಇಷ್ಟು ಕಾಂತಿಯಲ್ಲಿ ಕಂಡಿತು’ ಅಂತ ಅಲ್ಲಿ ಬರೆಯುತ್ತಾರೆ. ಒಂದೇ ಧೂಮಕೇತುವಿಗೆ ಹತ್ತಾರು ಜನರ ಕಣ್ಣು. ನನಗೆ ಬೇಕಾದ್ದು ಇದೇ. ಯೋಶಿದಾ ಪಟ್ಟಿಯಲ್ಲಿ ಉತ್ತರ ಗೋಳಕ್ಕೆ, ದಕ್ಷಿಣ ಗೋಳಕ್ಕೆ ಬೇರೆ ಬೇರೆ ಹೇಳುತ್ತಾರೆ. ನಾವು 13 ಡಿಗ್ರಿ ಉತ್ತರದಲ್ಲಿ ಇರುವುದರಿಂದ ಎರಡನ್ನೂ ಓದಿಕೊಳ್ಳಿ. ದಕ್ಷಿಣದವರಿಗಷ್ಟೇ ಅಂತ ಬರೆದದ್ದು ನಮಗೆ ಎಷ್ಟೋ ಸಲ ದಿಗಂತದ ಮೇಲೆ ಸಿಗುತ್ತದೆ. ಎರಡಕ್ಕೂ 5ಕ್ಕೆ 5, ಕಣ್ಣು ಮುಚ್ಚಿಕೊಂಡು. ಲೆಮ್ಮನ್ ಬೆಳಗುತ್ತಿದೆ ಅಂತ ಗೊತ್ತಾದದ್ದು ಇವರಿಂದಲೇ. ದೀಪಾವಳಿ ಸಂಜೆ ಪಶ್ಚಿಮದಲ್ಲಿ, ಸ್ವಾತಿ ನಕ್ಷತ್ರದ ಆಸುಪಾಸು, ಮೋಡ ಮತ್ತು ಪಟಾಕಿ ಹೊಗೆ ಮಧ್ಯೆ ಬೈನಾಕ್ಯುಲರ್‌ಗೆ ಸ್ವಲ್ಪ ಹೊತ್ತು ಸಿಕ್ಕಿತು. 2020ರ ಜುಲೈನ ನಿಯೋವೈಸ್ ಅಂತೂ ಆಷಾಢದ ಮೋಡದಲ್ಲೇ ಬಂದು ಹೋಯಿತು. ಅದಕ್ಕೆ ಯಾವ ಸೇವೆಯೂ ಪರಿಹಾರ ಕೊಡುವುದಿಲ್ಲ.

ಇನ್ನು ಸೂಪರ್‌ನೋವಾ. 2016ರ ಜನವರಿಯಿಂದ ಇದರ ಅಧಿಕೃತ ರಿಜಿಸ್ಟರ್ ಟ್ರಾನ್ಸಿಯೆಂಟ್ ನೇಮ್ ಸರ್ವರ್. ಆಕಾಶದಲ್ಲಿ ಹೊಸದಾಗಿ ಬೆಳಗಿದ್ದು ಏನೇ ಇರಲಿ, ಮೊದಲು ‘ಎಟಿ’ ಅಂತ ಹೆಸರು. ಅದರ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿ, ಹೌದು ಇದು ಸೂಪರ್‌ನೋವಾನೇ ಅಂತ ಯಾರಾದರೂ ಹೇಳಿದ ಮೇಲೆ ‘ಎಸ್‌ಎನ್’ ಸಿಗುತ್ತದೆ. ವರ್ಷದ ಮೊದಲ 26ಕ್ಕೆ ಒಂದೊಂದು ಅಕ್ಷರ, ಆಮೇಲೆ ಎರಡೆರಡು, ಆಮೇಲೆ ಮೂರು, ನಾಲ್ಕು. ಅಷ್ಟು ಬರುತ್ತವೆ. ಎಲ್ಲದಕ್ಕೂ ಮೇಲ್ ತರಿಸಿಕೊಂಡರೆ ಗೂಡು ಮಾರುವ ರೈತರ ಫೋನ್ ಎತ್ತಲೂ ಪುರುಸೊತ್ತು ಇರುವುದಿಲ್ಲ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನಮ್ಮ ಟೆಲಿಸ್ಕೋಪ್‌ಗೆ ನಿಲುಕುವುದೇ ಇಲ್ಲ. ಇದು ವೃತ್ತಿಯವರ ರಿಜಿಸ್ಟರ್, ನಮಗಲ್ಲ.

ಆದರೆ ಅದರ ಕೆಲಸ ಎಷ್ಟು ಚುರುಕು ಅನ್ನುವುದಕ್ಕೆ 2023ರ ಮೇ 19 ನೋಡಿ. ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಎಂ101 ಗ್ಯಾಲಕ್ಸಿಯಲ್ಲಿ ಹೊಸ ಚುಕ್ಕಿ ಕಂಡರು. ಕಾಂತಿ 14.9. ವರದಿ ಹಾಕಿದರು. ಕೆಲವೇ ಗಂಟೆಗಳಲ್ಲಿ ಕೆನರಿ ದ್ವೀಪದಲ್ಲಿರುವ ಲಿವರ್‌ಪೂಲ್ ಟೆಲಿಸ್ಕೋಪ್‌ನವರು ಬೆಳಕು ಬಿಡಿಸಿ ನೋಡಿ ಹೌದು ಅಂದರು. ಎಟಿ ಹೋಗಿ ಎಸ್‌ಎನ್ 2023 ಐಎಕ್ಸ್‌ಎಫ್ ಆಯಿತು. 2.1 ಕೋಟಿ ಜ್ಯೋತಿರ್ವರ್ಷ ದೂರದ ಸ್ಫೋಟ. ನಮಗೆ ಮೇ ತಿಂಗಳು ಒಳ್ಳೆ ಕಾಲ. ಸಪ್ತರ್ಷಿ ಮಂಡಲ ರಾತ್ರಿ ಊಟದ ಹೊತ್ತಿಗೆ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಬಾಲದ ಕೊನೆಯ ವಸಿಷ್ಠ, ಮರೀಚಿ ಎರಡನ್ನೂ ಹಿಡಿದು ಒಂದು ತ್ರಿಕೋನ ಕಟ್ಟಿದರೆ ಎಂ101 ಅಲ್ಲೇ. ಸೂಪರ್‌ನೋವಾ 11ರ ಹತ್ತಿರ ಬೆಳಗಿದಾಗ ತಲಕಾಯಲಬೆಟ್ಟದ ಕಡೆ ಹೋಗಿ ನೋಡಿದೆ. ಗ್ಯಾಲಕ್ಸಿ ಅಂತ ಹೇಳಲು ಏನೋ ಮಬ್ಬು. ಅದರ ಅಂಚಿನಲ್ಲಿ ಚೂಪಾದ ಒಂದು ಚುಕ್ಕಿ. ಅಕ್ಕಪಕ್ಕದ ಚುಕ್ಕಿಗಳೆಲ್ಲ ನಮ್ಮ ಗ್ಯಾಲಕ್ಸಿಯವು, ಅದೊಂದು ಮಾತ್ರ ಆ ಕಡೆಯದು.

ಅದೇ ಸೂಪರ್‌ನೋವಾವನ್ನು ಲಡಾಖ್‌ನ ಹಾನ್ಲೆಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್, ಪಕ್ಕದ ಗ್ರೋತ್ ಇಂಡಿಯಾ ಟೆಲಿಸ್ಕೋಪ್, ಮೇಲಿನಿಂದ ನಮ್ಮ ದೇಶದ ಉಪಗ್ರಹ ಆಸ್ಟ್ರೋಸ್ಯಾಟ್ ಕೂಡ ನೋಡಿದವು. ಹಿಮಾಲಯನ್ ಚಂದ್ರವನ್ನು ನಡೆಸುವುದು ಎಲ್ಲಿಂದ ಗೊತ್ತಾ? ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದಲ್ಲಿ. ನಮ್ಮೂರ ಬಸ್ಸು ಹೋಗುವ ಶಿಡ್ಲಘಟ್ಟ ರಸ್ತೆಯಲ್ಲೇ ಇದೆ ಆ ಕೇಂದ್ರ. ಎಷ್ಟು ಜನ ಅದರ ಮುಂದೆ ನಿದ್ದೆ ಮಾಡಿಕೊಂಡು ಹೋಗಿದ್ದಾರೋ.

ನಮ್ಮಂಥವರಿಗೆ ಸೂಪರ್‌ನೋವಾ ಸುದ್ದಿಗೆ ಬೇಕಾದ್ದು ಅಮೆರಿಕದ ರಾಚೆಸ್ಟರ್ ಖಗೋಳ ಕೂಟದಲ್ಲಿ ಡೇವಿಡ್ ಬಿಷಪ್ ಎಂಬ ಹವ್ಯಾಸಿ ಇಟ್ಟುಕೊಂಡಿರುವ ಪಟ್ಟಿ. ಈಗ ಕಾಣುವ ಸೂಪರ್‌ನೋವಾಗಳನ್ನು ಬೆಳಕಿನ ಕ್ರಮದಲ್ಲಿ ಹಾಕುತ್ತಾರೆ. ಮೇಲಿನ ಎರಡು ಸಾಲು ಓದಿ ಮುಚ್ಚಿಬಿಡಿ. 14ಕ್ಕಿಂತ ಮಂದ ಇದ್ದರೆ ಆರಾಮಾಗಿ ಮಲಗಿ. ನೋಡಲು ಹಳೇ ಕಾಲದ ಪುಟ, ಬಣ್ಣ ಗಿಣ್ಣ ಏನಿಲ್ಲ. 5ಕ್ಕೆ 5.

ಆಸ್ಟ್ರಾನಮರ್ಸ್ ಟೆಲಿಗ್ರಾಂ ಅಂತ ಇನ್ನೊಂದಿದೆ. ಹಳೇ ತಂತಿ ಕಚೇರಿಗೂ ಇದಕ್ಕೂ ಸಂಬಂಧ ಇಲ್ಲ. ಹಾಕುವವರು ವೃತ್ತಿ ಖಗೋಳಜ್ಞರು, ಓದುವುದು ಎಲ್ಲರಿಗೂ ಪುಕ್ಕಟೆ. ನನಗೆ ಇದರಲ್ಲಿ ಕೆಲಸಕ್ಕೆ ಬರುವುದು ಕಮ್ಮಿ, ಓದಲು ಮಾತ್ರ ಇಷ್ಟ. 2018ರ ಮಾರ್ಚ್ 20ರಂದು ದಕ್ಷಿಣ ಆಫ್ರಿಕಾದ ಪೀಟರ್ ಡನ್ಸ್‌ಬಿ, ಧನು ರಾಶಿಯ ನೀಹಾರಿಕೆಗಳ ಹತ್ತಿರ ತುಂಬಾ ಪ್ರಕಾಶವಾದ ಹೊಸ ಕಾಯ ಕಂಡಿದೆ, ಎಲ್ಲರೂ ನೋಡಿ ಅಂತ ಟೆಲಿಗ್ರಾಂ ಹಾಕಿದರು. ಅದು ಮಂಗಳ ಗ್ರಹ! ಮುಂದಿನ ನಂಬರಿನ ಟೆಲಿಗ್ರಾಂನಲ್ಲೇ, ಅದೇ ದಿನ, ಅದು ಮಂಗಳ, ಕ್ಷಮಿಸಿ ಅಂತ ಹಾಕಿದರು. ಎರಡೂ ಈಗಲೂ ಅಲ್ಲೇ ಇವೆ. ನಮ್ಮ ಹಳ್ಳಿ ಜ್ಯೋತಿಷಿಯೂ ಮಂಗಳ ಎಲ್ಲಿದ್ದಾನೆ ಅಂತ ಹೇಳುತ್ತಿದ್ದ ಅನ್ನುವುದು ನಮ್ಮ ಮನೆಯವರ ಷರಾ.

ಚಂದ್ರರ ವಿಷಯಕ್ಕೆ ಬಂದರೆ ಇದು ಬರೀ ಖುಷಿಯ ಸುದ್ದಿ. ನೋಡುವ ಆಸೆ ಬಿಟ್ಟುಬಿಡಿ. 2025ರ ಮಾರ್ಚ್ 11ರಂದು ಒಂದೇ ಏಟಿಗೆ ಶನಿಗೆ 128 ಹೊಸ ಚಂದ್ರರು. ಒಟ್ಟು 274. ತೈವಾನ್‌ನ ಎಡ್ವರ್ಡ್ ಆಶ್ಟನ್ ತಂಡ ಹವಾಯಿಯ 3.6 ಮೀಟರ್ ಟೆಲಿಸ್ಕೋಪ್‌ನಲ್ಲಿ ವರ್ಷಗಟ್ಟಲೆ ಬೆನ್ನು ಹತ್ತಿ ಹಿಡಿದದ್ದು. ಎಲ್ಲವೂ ಕೆಲವೇ ಕಿಲೋಮೀಟರ್ ಗಾತ್ರದ ಕಲ್ಲುಗಳು, ಕಾಂತಿಮಾನ 25ರ ಆಸುಪಾಸು. ನನ್ನ 8 ಇಂಚು ನೋಡಬಲ್ಲದ್ದಕ್ಕಿಂತ ಸುಮಾರು 60 ಸಾವಿರ ಪಟ್ಟು ಮಂದ. ಆಗಸ್ಟ್ 19ರಂದು ಯುರೇನಸ್‌ಗೂ ಒಂದು ಸಿಕ್ಕಿತು, ಬಾಹ್ಯಾಕಾಶದ ಜೇಮ್ಸ್ ವೆಬ್ ಟೆಲಿಸ್ಕೋಪ್ ಚಿತ್ರಗಳಲ್ಲಿ. ಸುಮಾರು 10 ಕಿಲೋಮೀಟರ್ ಗಾತ್ರ, ಲೆಕ್ಕದಲ್ಲಿ 29ನೆಯದು. ಮೊದಲು ‘ಎಸ್/2025 ಯು1’ ಅಂತ ತಾತ್ಕಾಲಿಕ ನಂಬರ್, ನಿಜವಾದ ಹೆಸರು ಎಲ್ಲ ಪಕ್ಕಾ ಆದ ಮೇಲೆ.

ಈ ತಾಳ್ಮೆ ಯಾಕೆ ಬೇಕು ಅನ್ನುವುದಕ್ಕೆ ಕಾವಲೂರಿನ ಕಥೆ ಇದೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಕಾವಲೂರಿನಿಂದ ನಕ್ಷತ್ರದ ಬೆಳಕು ಅಳೆಯುತ್ತಿದ್ದರು. ಗ್ರಹದ ಹತ್ತಿರ ಬೆಳಕು ಇದ್ದಕ್ಕಿದ್ದಂತೆ ಕುಗ್ಗಿತು. ಹೊಸ ಚಂದ್ರ ಇರಬೇಕು ಅಂತ ಮೊದಲ ಊಹೆ. ಹಾರುವ ವಿಮಾನದಲ್ಲಿದ್ದ ಅಮೆರಿಕದ ತಂಡಕ್ಕೂ ಇಂಥದೇ ಕುಸಿತಗಳು, ಗ್ರಹದ ಎರಡೂ ಕಡೆ. ಎಲ್ಲರ ಅಳತೆ ಪಕ್ಕಪಕ್ಕ ಇಟ್ಟಾಗ ಗೊತ್ತಾಯಿತು, ಅದು ಚಂದ್ರ ಅಲ್ಲ, ಉಂಗುರ. ಚಂದ್ರನಿಗಿಂತ ದೊಡ್ಡ ಸುದ್ದಿಯೇ ಆಯಿತು.

ಆಪ್‌ಗಳ ವಿಷಯ ಬೇಗ ಮುಗಿಸುತ್ತೇನೆ. ವರ್ಷಕ್ಕಿಷ್ಟು ಅಂತ ದುಡ್ಡು ತಗೊಳ್ಳುವ ಒಂದು ಆಪ್ ನನ್ನ ಫೋನಿನಲ್ಲಿತ್ತು. ಹೆಸರು ಬೇಡ. ‘ಇಂದು ರಾತ್ರಿ ಧೂಮಕೇತು!’ ಅಂತ ಗಂಟೆ ಬಾರಿಸುತ್ತಿತ್ತು. ತೆಗೆದು ನೋಡಿದರೆ ಕಾಂತಿ 15, ಅದೂ ನಮ್ಮ ದಿಗಂತದ ಕೆಳಗೆ. ಕಿತ್ತು ಹಾಕಿದೆ. 5ಕ್ಕೆ 1, ಅದೂ ಬಣ್ಣ ಚೆನ್ನಾಗಿದೆ ಅಂತ.

ಚಿಲಿಯಲ್ಲಿ ರೂಬಿನ್ ವೀಕ್ಷಣಾಲಯದ ಮೊದಲ ಚಿತ್ರಗಳು 2025ರ ಜೂನ್‌ನಲ್ಲಿ ಬಂದವು. ಆಕಾಶದಲ್ಲಿ ಏನೇನು ಬದಲಾಯಿತು ಅಂತ ಅದು ಒಂದು ರಾತ್ರಿಗೆ 1 ಕೋಟಿ ತನಕ ಅಲರ್ಟ್ ಕಳಿಸುವ ಅಂದಾಜು ಇದೆ. ಅದನ್ನು ಸೋಸಿ ಕೊಡಲೆಂದೇ ಫಿಂಕ್, ಲಾಸೇರ್ ಅಂತ ಬ್ರೋಕರ್‌ಗಳು ಇದ್ದಾರೆ. ಬ್ರೋಕರ್ ಅಂದಕೂಡಲೇ ನಮ್ಮ ಮಾರ್ಕೆಟ್‌ನವರಿಗೆ ಮೈ ಉರಿಯುತ್ತದೆ. ಆದರೆ ಇವರು ಕಮಿಷನ್ ಕೇಳುವುದಿಲ್ಲ.

ಕೊನೆಯದಾಗಿ, ಎಲ್ಲರೂ ಸೇರಿಕೊಳ್ಳಲೇಬೇಕಾದ ಒಂದು ಪಟ್ಟಿ. ಹೆಸರು ಸ್ನ್ಯೂಸ್, ಸೂಪರ್‌ನೋವಾ ಮುನ್ನೆಚ್ಚರಿಕೆ ಜಾಲ. ನಮ್ಮದೇ ಗ್ಯಾಲಕ್ಸಿಯಲ್ಲಿ ದೊಡ್ಡ ನಕ್ಷತ್ರ ಕುಸಿದರೆ ಬೆಳಕಿಗಿಂತ ಮೊದಲು, ಎಂಥದ್ದನ್ನೂ ತೂರಿಹೋಗುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಹೊರಬರುತ್ತವೆ. ಬೆಳಕು ನಕ್ಷತ್ರದ ಹೊರಪದರ ಸೀಳಿಕೊಂಡು ಬರಬೇಕಲ್ಲ, ತಡವಾಗುತ್ತದೆ. ಮೇಲೆ ಹೇಳಿದ 1987ರ ಸೂಪರ್‌ನೋವಾದಲ್ಲಿ ಜಪಾನಿನ ಕಾಮಿಯೋಕಾಂಡೆ ಸೇರಿ ಮೂರು ಕಡೆ ಭೂಮಿಯಡಿಯ ಯಂತ್ರಗಳು ಈ ಕಣಗಳನ್ನು ಹಿಡಿದಿದ್ದವು, ಬೆಳಕಿಗಿಂತ ಕೆಲವು ಗಂಟೆ ಮುಂಚೆ. ಆದರೆ ಅದು ಗೊತ್ತಾದದ್ದು ಆಮೇಲೆ ದಾಖಲೆ ತೆಗೆದು ನೋಡಿದಾಗ. ಈಗ ಹಾಗಾಗಬಾರದು ಅಂತ ಬೇರೆ ಬೇರೆ ದೇಶಗಳ ಯಂತ್ರಗಳನ್ನು ಒಟ್ಟಿಗೆ ಜೋಡಿಸಿದ್ದಾರೆ. ಒಂದೇ ಕಡೆ ಸದ್ದಾದರೆ ಸುಮ್ನೆ ಇರುತ್ತದೆ. ಒಂದೇ ಹೊತ್ತಿಗೆ ಎರಡು ಮೂರು ಕಡೆ ಆದರೆ ಮಾತ್ರ ಮೇಲ್ ಹೊರಡುತ್ತದೆ. ಯಾರು ಬೇಕಾದರೂ ಸೇರಬಹುದು.

ಇದು ನಮ್ಮ ಕೋಲಾರದವರಿಗೆ ಹೊಸ ವಿದ್ಯೆ ಅಲ್ಲ. 1965ರಲ್ಲಿ ಕೆಜಿಎಫ್ ಗಣಿಯ ಎರಡು ಕಿಲೋಮೀಟರ್‌ಗೂ ಜಾಸ್ತಿ ಆಳದಲ್ಲಿ ವಾತಾವರಣದಿಂದ ಬಂದ ನ್ಯೂಟ್ರಿನೊ ಹಿಡಿದಿದ್ದರು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಇನ್ನೊಂದು ತಂಡ ಹಿಡಿದಿತ್ತು. ಅವರಿಗೆ ಕಣ ಸಿಕ್ಕಿದ್ದು ಮೊದಲು, ಆದರೆ ನಮ್ಮವರ ಪ್ರಬಂಧ ಪ್ರಕಟವಾದದ್ದು ಮೊದಲು, ಆಗಸ್ಟ್‌ನಲ್ಲಿ ಎರಡು ವಾರ ಮುಂಚೆ.

ನಮ್ಮ ಗ್ಯಾಲಕ್ಸಿಯಲ್ಲಿ ಬರಿಗಣ್ಣಿಗೆ ಸೂಪರ್‌ನೋವಾ ಕಂಡದ್ದು 1604ರಲ್ಲಿ, ಆಮೇಲೆ ಇಲ್ಲ. ಸ್ನ್ಯೂಸ್‌ನಿಂದ ನಿಜವಾದ ಮೇಲ್ ಇನ್ನೂ ಬಂದಿಲ್ಲ. ಹಾಗಾಗಿ ಅಂಕ ಕೊಡಲು ಆಗುವುದಿಲ್ಲ. ಉಳಿದ ಎಲ್ಲ ಸೇವೆಗಳ ಮೇಲ್ ರಾತ್ರಿ ಸೈಲೆಂಟ್‌ನಲ್ಲಿ ಇರುತ್ತದೆ, ಇದಕ್ಕೆ ಮಾತ್ರ ಬೇರೆ ರಿಂಗ್‌ಟೋನ್ ಇಟ್ಟಿದ್ದೇನೆ. ಮಳೆಗಾಲದಲ್ಲಿ ಬಾರದಿದ್ದರೆ ಸಾಕು.